ಸದ್ದಿಲ್ಲದ ಹಲಗೆ: ಕಿಟ್‌ನಿಂದ ಡ್ರಮ್ ಟ್ರಿಗರ್ ಮಾಡ್ಯೂಲ್ ಕಟ್ಟುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಗೆ ಇರುವವನು ಡ್ರಮ್ ಅಭ್ಯಾಸ ಮಾಡುತ್ತೇನೆ ಎಂದರೆ ಅದು ಇಡೀ ಓಣಿಯ ಮೇಲೆ ಸಾರಿದ ಯುದ್ಧ. ನನ್ನ ಕೋಣೆಯ ಎಡಕ್ಕೆ ಪಿಎಸ್‌ಐ ಪರೀಕ್ಷೆಗೆ ಓದುವವರು, ಬಲಕ್ಕೆ ಕೆಎಎಸ್‌ಗೆ ಓದುವವರು, ಮೇಲ್ಗಡೆ ಮನೆಯ ಮಾಲೀಕರು. ಗಣಪತಿ ಹಬ್ಬದ ಹನ್ನೊಂದು ದಿನ ಹುಬ್ಬಳ್ಳಿಯ ಪೆಂಡಾಲುಗಳಲ್ಲಿ ಬಾರಿಸಿ ಬಂದರೆ ಉಳಿದ ದಿನಗಳಲ್ಲಿ ಕೈಗೆ ತುಕ್ಕು ಹಿಡಿಯುತ್ತಿತ್ತು. ಡ್ರಮ್ ಸೆಟ್ಟನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ ಮೇಲೆ ತಲೆಗೆ ಬಂದದ್ದೇ ಈ ದಾರಿ: ರಬ್ಬರ್ ಪ್ಯಾಡಿನ ಮೇಲೆ ಬಾರಿಸುವುದು, ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುವುದು. ನಡುವೆ ಪೆಟ್ಟನ್ನು ಸದ್ದಿಗೆ ಮುಟ್ಟಿಸುವ ಪೆಟ್ಟಿಗೆಗೆ ಟ್ರಿಗರ್ ಮಾಡ್ಯೂಲ್ ಎನ್ನುತ್ತಾರೆ. ಸಿದ್ಧ ಮಾಡ್ಯೂಲ್ ದುಬಾರಿ. ಬಿಡಿಭಾಗಗಳ ಕಿಟ್ ತರಿಸಿ ನಾವೇ ಬೆಸುಗೆ ಹಾಕಿಕೊಂಡರೆ ಖರ್ಚು ಬಹಳಷ್ಟು ಇಳಿಯುತ್ತದೆ.

ಮೊದಲೇ ಒಂದು ಮಾತು. ಬೋರ್ಡಿಗೆ ಬೆಸುಗೆ ಹಾಕುವುದು ಒಂದು ಭಾನುವಾರದ ಕೆಲಸ. ಪ್ಯಾಡ್ ಮಾಡುವುದು ಮತ್ತು ಮಾಡ್ಯೂಲಿನ ಅಂಕಿಗಳನ್ನು ಕೈಗೆ ಹೊಂದಿಸುವುದು ನನಗೆ ಮೂರು ವಾರ ಹಿಡಿಯಿತು. ಆದ್ದರಿಂದ ಈ ಲೇಖನದಲ್ಲಿಯೂ ಬೋರ್ಡಿನ ಭಾಗ ಬೇಗ ಮುಗಿಯುತ್ತದೆ, ಹೊಂದಾಣಿಕೆಯ ಭಾಗ ಉದ್ದವಾಗುತ್ತದೆ.

ಪೆಟ್ಟಿನಿಂದ ಸದ್ದಿನವರೆಗೆ

ಎಲ್ಲವೂ ಶುರುವಾಗುವುದು ಪೀಜೋ ಬಿಲ್ಲೆಯಿಂದ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಿತ್ತಾಳೆ ತಟ್ಟೆ, ಅದರ ಮೇಲೆ ಬಿಳಿಯ ಪಿಂಗಾಣಿ ಪದರ. ಬಜರಿನ ಒಳಗೆ ಕೀಂ ಎನ್ನುವುದು ಇದೇ ಬಿಲ್ಲೆ. ಕರೆಂಟ್ ಕೊಟ್ಟರೆ ಅದು ಬಾಗಿ ಸದ್ದು ಮಾಡುತ್ತದೆ. ತಿರುವುಮುರುವಾಗಿ, ಅದನ್ನು ಬಾಗಿಸಿದರೆ ಕರೆಂಟ್ ಕೊಡುತ್ತದೆ. ಮೆಲ್ಲಗೆ ತಟ್ಟಿದರೆ ವೋಲ್ಟಿನ ಒಂದು ಚೂರು, ಸಿಟ್ಟಿನಿಂದ ಬಾರಿಸಿದರೆ ಹತ್ತಾರು ವೋಲ್ಟ್.

ಮಾಡ್ಯೂಲಿನ ಮಿದುಳು ಎಟಿಮೆಗಾ 328ಪಿ ಎಂಬ ಇಪ್ಪತ್ತೆಂಟು ಕಾಲಿನ ಚಿಪ್. ಹವ್ಯಾಸಿಗಳು ಬಳಸುವ ಆರ್ಡುಯಿನೋ ಊನೋ ಆರ್3 ಬೋರ್ಡಿನಲ್ಲಿರುವುದೂ ಇದೇ. ಅದರ ಆರು ಕಾಲುಗಳು ವೋಲ್ಟೇಜ್ ಅಳೆಯಬಲ್ಲವು. ಸೊನ್ನೆಯಿಂದ 5 ವೋಲ್ಟ್‌ವರೆಗಿನ ಅಂತರವನ್ನು 1024 ಮೆಟ್ಟಿಲುಗಳಾಗಿ ಒಡೆದು ಓದುತ್ತವೆ. ಆರು ಕಾಲು ಎಂದರೆ ಆರು ಪ್ಯಾಡ್: ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಮುಂದಿನ ಮುಖ್ಯ ಡ್ರಮ್), ಹೈ-ಹ್ಯಾಟ್ (ಜೋಡಿ ತಾಳ), ಎರಡು ಟಾಮ್ (ಉಳಿದ ಡ್ರಮ್), ಒಂದು ಕ್ರ್ಯಾಶ್ (ಬಿಡಿ ತಾಳ). ಹದಿನಾರು ಪ್ಯಾಡಿನ ದೊಡ್ಡ ಕಿಟ್‌ಗಳೂ ಸಿಗುತ್ತವೆ. ಮೊದಲ ಸಲಕ್ಕೆ ಆರೇ ಸಾಕು. ಆರನ್ನು ಸರಿಯಾಗಿ ಹೊಂದಿಸಿದವರು ಹದಿನಾರರ ಆಸೆ ಬಿಡುವುದನ್ನೂ ನೋಡಿದ್ದೇನೆ.

ಚಿಪ್ ಪೆಟ್ಟಿನ ಎತ್ತರವನ್ನು ಅಳೆದು 1ರಿಂದ 127ರವರೆಗಿನ ಅಂಕಿಯನ್ನಾಗಿ ಮಾಡಿ, ‘ಸ್ನೇರ್, ಜೋರು 94’ ಎಂಬಂಥ ಸಂದೇಶವನ್ನು ಹೊರಗೆ ಕಳಿಸುತ್ತದೆ. ಈ ಸಂದೇಶದ ಭಾಷೆಯೇ ಮಿಡಿ. ನಮ್ಮ ಕಡೆ ಮಿಡಿ ಎಂದರೆ ಉಪ್ಪಿನಕಾಯಿಗೆ ಹಾಕುವ ಮಾವು. ಇದು 1983ರಲ್ಲಿ ವಾದ್ಯ ತಯಾರಕರು ಒಪ್ಪಿಕೊಂಡು ಬಳಕೆಗೆ ತಂದ ಮಿಡಿ, ಇಂದಿಗೂ ಹೆಚ್ಚು ಬದಲಾಗದೆ ಉಳಿದಿದೆ. ಮಾಡ್ಯೂಲ್ ತಾನಾಗಿ ಸದ್ದು ಮಾಡುವುದಿಲ್ಲ ಎಂಬುದು ನೆನಪಿರಲಿ. ಅದು ಹೇಳುವ ಕೆಲಸ ಮಾಡುತ್ತದೆ, ನುಡಿಸುವುದು ಕಂಪ್ಯೂಟರಿನ ಕೆಲಸ.

ಪೆಟ್ಟಿಗೆ ಬಿಚ್ಚಿದ ಮೇಲೆ

ಕೊರಿಯರ್ ಬಂದ ಕೂಡಲೇ ಬೆಸುಗೆ ಕಡ್ಡಿ ಕಾಯಿಸಬೇಡಿ. ಒಂದು ಬಿಳಿ ಬಟ್ಟೆ ಹಾಸಿ, ಭಾಗಗಳನ್ನು ಸುರುವಿ, ಪಟ್ಟಿಯೊಂದಿಗೆ ತಾಳೆ ನೋಡಿ. ನನ್ನ ಕಿಟ್‌ನಲ್ಲಿ ಬೋರ್ಡಿನ ಜೊತೆ ಮುಖ್ಯವಾಗಿ ಇದ್ದದ್ದು ಇಷ್ಟು: ಪ್ರೋಗ್ರಾಮ್ ಮೊದಲೇ ತುಂಬಿದ ಚಿಪ್ ಮತ್ತು ಅದರ ಸಾಕೆಟ್, 16 ಮೆಗಾಹರ್ಟ್ಸ್ ಕ್ರಿಸ್ಟಲ್, ಅದಕ್ಕೆ 22 ಪಿಕೋಫ್ಯಾರಡ್‌ನ ಎರಡು ಕೆಪ್ಯಾಸಿಟರ್, ಅಡಾಪ್ಟರಿನ ವೋಲ್ಟೇಜನ್ನು ಐದಕ್ಕೆ ಇಳಿಸುವ 7805 ರೆಗ್ಯುಲೇಟರ್, ಅಡಾಪ್ಟರ್ ಉಲ್ಟಾ ಬಿದ್ದರೆ ಕಾಯುವ ಒಂದು ಡಯೋಡ್, ಪ್ರತಿ ಪ್ಯಾಡಿಗೆ 1 ಮೆಗಾಓಮ್ ಮತ್ತು 10 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ ಹಾಗೂ 5.1 ವೋಲ್ಟ್‌ನ ಒಂದು ಝೀನರ್ ಡಯೋಡ್, ಆರು ಜ್ಯಾಕ್, ಐದು ಕಾಲಿನ ಮಿಡಿ ಸಾಕೆಟ್, ಎರಡು ಸಾಲಿನ ಪರದೆ, ನಾಲ್ಕು ಗುಂಡಿ.

ಬಿಡಿಭಾಗ ಕಡಿಮೆ ಬಿದ್ದರೆ ಮತ್ತೆ ವಾರ ಕಾಯಬೇಕಿಲ್ಲ. ರೆಸಿಸ್ಟರ್, ಡಯೋಡ್, 7805ರಂಥವು ಹುಬ್ಬಳ್ಳಿಯ ಪೇಟೆಯಲ್ಲಿ ರೇಡಿಯೋ, ಟಿವಿ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಪೀಜೋ ಬಿಲ್ಲೆ ಕೇಳುವಾಗ 27 ಅಥವಾ 35 ಮಿಲಿಮೀಟರ್ ಎಂದು ಅಳತೆ ಹೇಳಿ, ಅಗತ್ಯಕ್ಕಿಂತ ನಾಲ್ಕು ಹೆಚ್ಚಿಗೆ ತನ್ನಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಸಲಕರಣೆಗಳ ವಿಷಯದಲ್ಲಿ ಒಂದೇ ಹಟ: ಮಲ್ಟಿಮೀಟರ್ ಇಲ್ಲದೆ ಕೂರಬೇಡಿ. 25 ವ್ಯಾಟ್‌ನ ಬೆಸುಗೆ ಕಡ್ಡಿ, ಒಳಗೆ ರಾಳವಿರುವ ತೆಳುವಾದ 60:40 ಬೆಸುಗೆ ತಂತಿ, ಕಾಲು ಕತ್ತರಿಸುವ ಇಕ್ಕಳ ಇವಿಷ್ಟೇ ಉಳಿದವು. ತಂತಿಯಲ್ಲಿ ಸೀಸ ಇರುತ್ತದೆ. ಕೆಲಸ ಮುಗಿಸಿ ಕೈ ತೊಳೆದ ಮೇಲೆಯೇ ಗಿರಮಿಟ್ಟಿನ ತಟ್ಟೆಗೆ ಕೈ ಹಾಕಿ. ಹೊಗೆ ಮುಖಕ್ಕೆ ಬಡಿಯದಂತೆ ಕಿಟಕಿ ತೆರೆದಿಡಿ.

ಬೆಸುಗೆ

ಗಿಡ್ಡ ಭಾಗ ಮೊದಲು, ಎತ್ತರದ ಭಾಗ ಕೊನೆಗೆ. ರೆಸಿಸ್ಟರ್, ಡಯೋಡ್, ಚಿಪ್ಪಿನ ಸಾಕೆಟ್, ಸಣ್ಣ ಕೆಪ್ಯಾಸಿಟರ್, ಕ್ರಿಸ್ಟಲ್, ರೆಗ್ಯುಲೇಟರ್, ದೊಡ್ಡ ಕೆಪ್ಯಾಸಿಟರ್, ಕೊನೆಗೆ ಜ್ಯಾಕುಗಳು. ಈ ಕ್ರಮ ಬಿಟ್ಟರೆ ಬೋರ್ಡನ್ನು ಬೋರಲು ಹಾಕಿದಾಗ ಚಿಕ್ಕ ಭಾಗಗಳು ಕೆಳಗೆ ಜಾರುತ್ತವೆ.

ರೆಸಿಸ್ಟರಿನ ಬಣ್ಣ ಓದುವುದರಲ್ಲಿ ನಾನು ಬಿದ್ದೆ. ನಾಲ್ಕು ಪಟ್ಟಿಯದಾದರೆ 1 ಮೆಗಾಓಮ್‌ಗೆ ಕಂದು, ಕಪ್ಪು, ಹಸಿರು. 10 ಕಿಲೋಓಮ್‌ಗೆ ಕಂದು, ಕಪ್ಪು, ಕಿತ್ತಳೆ. ಐದು ಪಟ್ಟಿಯದಾದರೆ ಕಂದು, ಕಪ್ಪು, ಕಪ್ಪು ಆದ ಮೇಲೆ ಮೊದಲನೆಯದಕ್ಕೆ ಹಳದಿ, ಎರಡನೆಯದಕ್ಕೆ ಕೆಂಪು. ರಾತ್ರಿ ಬಲ್ಬಿನ ಬೆಳಕಿನಲ್ಲಿ ಕೆಂಪು, ಕಿತ್ತಳೆ, ಕಂದು ಎಲ್ಲವೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸ್ನೇರಿನ ಜಾಗದಲ್ಲಿ ನಾನು ಎರಡನ್ನೂ ಅದಲುಬದಲು ಮಾಡಿ ಕೂರಿಸಿದ್ದೆ. ಉಳಿದ ಐದು ಪ್ಯಾಡುಗಳು ಮಾತಾಡುತ್ತಿದ್ದವು, ಸ್ನೇರ್ ಮಾತ್ರ ಎಷ್ಟು ಬಡಿದರೂ ಮೌನ. ಪ್ಯಾಡ್ ಬಿಚ್ಚಿದೆ, ಕೇಬಲ್ ಬದಲಿಸಿದೆ, ಚಿಪ್ಪನ್ನು ಶಪಿಸಿದೆ. ಮೂರನೆಯ ದಿನ ಮೀಟರ್ ಹಿಡಿದಾಗ ಗುಟ್ಟು ರಟ್ಟಾಯಿತು. ಅಂದಿನಿಂದ ಪ್ರತಿ ರೆಸಿಸ್ಟರನ್ನೂ ಬೋರ್ಡಿಗೆ ಹಾಕುವ ಮೊದಲು ಮೀಟರಿನಲ್ಲಿ ಅಳೆಯುತ್ತೇನೆ. ಬಣ್ಣವನ್ನು ನಂಬುವುದು ಬಿಟ್ಟಿದ್ದೇನೆ.

ಡಯೋಡಿಗೆ ದಿಕ್ಕು ಇದೆ. ಅದರ ಮೈಮೇಲಿನ ಪಟ್ಟಿ ಬೋರ್ಡಿನ ಮೇಲೆ ಬರೆದ ಗೆರೆಗೆ ಸರಿಹೊಂದಬೇಕು. ಝೀನರ್ ಏನು ಮಾಡುತ್ತದೆ ಎಂದರೆ, ಪೀಜೋ ನಲವತ್ತು ವೋಲ್ಟ್ ಉಗುಳಿದರೂ ಚಿಪ್ಪಿಗೆ ಐದರ ಆಸುಪಾಸಿಗಿಂತ ಹೆಚ್ಚು ತಲುಪದಂತೆ ನೆಲಕ್ಕೆ ಚೆಲ್ಲುತ್ತದೆ. ಬಿಲ್ಲೆ ಹಿಂದಕ್ಕೆ ಬಾಗಿದಾಗ ಬರುವ ಋಣ ವೋಲ್ಟೇಜನ್ನೂ ಅದೇ ತಡೆಯುತ್ತದೆ. ಉಲ್ಟಾ ಹಾಕಿದರೆ ಎಲ್ಲ ಪೆಟ್ಟೂ ಅರ್ಧ ವೋಲ್ಟಿನ ಸುತ್ತ ಸತ್ತುಹೋಗುತ್ತದೆ: ಮೆಲ್ಲಗೆ ತಟ್ಟಿದರೂ ಅಷ್ಟೇ, ಗುದ್ದಿದರೂ ಅಷ್ಟೇ. ಈ ಲಕ್ಷಣ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಬೆಸುಗೆ ಹಾಕುವಾಗ ಕಡ್ಡಿಯ ತುದಿ ಭಾಗದ ಕಾಲಿಗೂ ಬೋರ್ಡಿನ ತಾಮ್ರದ ಉಂಗುರಕ್ಕೂ ಒಟ್ಟಿಗೆ ತಾಕಲಿ. ಎರಡು ಸೆಕೆಂಡು ಕಾದ ಮೇಲೆ ತಂತಿಯನ್ನು ಕಾಲಿಗೆ ತಾಗಿಸಿ, ಕಡ್ಡಿಗಲ್ಲ. ಬೆಸುಗೆ ಕರಗಿ ಉಂಗುರದ ಸುತ್ತ ಹರಿದು ಸಣ್ಣ ದಿಬ್ಬದಂತೆ ನಿಂತರೆ ಸರಿ. ಸಾಬುದಾಣಿಯಂತೆ ಉಂಡೆಯಾಗಿ ಕುಳಿತರೆ ಒಳಗೆ ಅಂಟಿಲ್ಲ ಎಂದರ್ಥ, ಮತ್ತೊಮ್ಮೆ ಕಾಯಿಸಿ.

ಚಿಪ್ ಕೂರಿಸುವ ಮುನ್ನ

ಇದು ಒಂದೇ ನಿಮಿಷದ ಕೆಲಸ, ಆದರೆ ಬಿಡುವಂತಿಲ್ಲ. ಸಾಕೆಟ್ ಖಾಲಿ ಇರುವಾಗಲೇ 9 ವೋಲ್ಟಿನ ಅಡಾಪ್ಟರ್ ಕೊಡಿ. ಮೀಟರಿನ ಕೆಂಪು ಕಡ್ಡಿಯನ್ನು ಸಾಕೆಟ್ಟಿನ 7ನೆಯ ತೂತಿಗೂ ಕಪ್ಪನ್ನು 8ನೆಯದಕ್ಕೂ ಹಿಡಿಯಿರಿ. 4.8ರಿಂದ 5.2 ವೋಲ್ಟಿನೊಳಗೆ ಬಂದರೆ ಅಡಾಪ್ಟರ್ ಕಿತ್ತು ಚಿಪ್ ಕೂರಿಸಿ. 9 ವೋಲ್ಟ್ ಬಂದರೆ ರೆಗ್ಯುಲೇಟರಿನ ಬೆಸುಗೆಯಲ್ಲಿ ಎಡವಟ್ಟಾಗಿದೆ, ಚಿಪ್ ಹಾಕಿದ್ದರೆ ಸುಟ್ಟುಹೋಗುತ್ತಿತ್ತು. ಚಿಪ್ಪಿನ ಒಂದು ತುದಿಯ ಕಚ್ಚು ಸಾಕೆಟ್ಟಿನ ಕಚ್ಚಿನ ಕಡೆಗೇ ಇರಬೇಕು.

ಪವರ್ ಕೊಟ್ಟ ಮೇಲೆ ಪರದೆ ಖಾಲಿಯಾಗಿಯೋ ಕಪ್ಪು ಚೌಕಗಳಾಗಿಯೋ ಕಂಡರೆ ಗಾಬರಿಯಾಗಬೇಡಿ. ಪರದೆಯ ಪಕ್ಕದಲ್ಲಿರುವ ನೀಲಿ ಪ್ರಿಸೆಟ್ಟನ್ನು (ತಿರುಗಿಸುವ ಪುಟ್ಟ ತಿರುಪು) ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಿ. ಎಲ್ಲೋ ಒಂದು ಕಡೆ ಅಕ್ಷರ ಮೂಡುತ್ತದೆ.

ಕರೆಂಟ್ ಹೋದಾಗ ಪವರ್ ಬ್ಯಾಂಕ್ ಬಳಸೋಣ ಎನಿಸುವುದು ಸಹಜ. 7805ಕ್ಕೆ ಒಳಗೆ ಕನಿಷ್ಠ ಏಳು ವೋಲ್ಟ್ ಬೇಕು, ಪವರ್ ಬ್ಯಾಂಕ್ ಕೊಡುವುದು ಐದು. ಅದಲ್ಲದೆ ಮಾಡ್ಯೂಲ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ಯಾರೂ ಇಲ್ಲವೆಂದುಕೊಂಡು ಹಲವು ಪವರ್ ಬ್ಯಾಂಕುಗಳು ತಾವಾಗಿಯೇ ಮಲಗುತ್ತವೆ. ಇಂಟರ್ನೆಟ್ ರೌಟರಿಗೆಂದು ಮಾರುವ 9 ಅಥವಾ 12 ವೋಲ್ಟಿನ ಪುಟ್ಟ ಯುಪಿಎಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಪೀಜೋ ಬಿಲ್ಲೆಗೆ ತಂತಿ

ನಾಲ್ಕು ಹೆಚ್ಚಿಗೆ ತರಲು ಹೇಳಿದ್ದು ಇದಕ್ಕೇ. ಬಿಳಿ ಪದರದ ಮೇಲೆ ಬೆಳ್ಳಿಯ ತೆಳು ಲೇಪ ಇರುತ್ತದೆ. ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ಲೇಪ ಎದ್ದು ಬರುತ್ತದೆ, ಆ ಬಿಲ್ಲೆ ಮುಗಿಯಿತು. ಮೊದಲು ತಂತಿಯ ತುದಿಗೆ ಬೆಸುಗೆ ಹಚ್ಚಿಕೊಳ್ಳಿ, ಬಿಲ್ಲೆಯ ಮೇಲೆ ಒಂದು ಹನಿ ಇಡಿ, ಆಮೇಲೆ ಎರಡನ್ನೂ ಕೂಡಿಸಿ ಒಂದೇ ಸೆಕೆಂಡಿನಲ್ಲಿ ಕಡ್ಡಿ ತೆಗೆಯಿರಿ. ಬಿಳಿಯ ಭಾಗದಿಂದ ಕೆಂಪು ತಂತಿ, ಹಿತ್ತಾಳೆಯಿಂದ ಕಪ್ಪು. ಜ್ಯಾಕಿನ ತುದಿಗೆ ಕೆಂಪು, ಅದರ ಕೊಳವೆಗೆ ಕಪ್ಪು. ಮೊದಲೇ ತಂತಿ ಹಾಕಿದ ಬಿಲ್ಲೆಗಳೂ ಸಿಗುತ್ತವೆ. ಎರಡು ರೂಪಾಯಿ ಹೆಚ್ಚಾದರೂ ಅವನ್ನೇ ತನ್ನಿ ಎನ್ನುತ್ತೇನೆ. ಆ ತಂತಿಗಳು ಕೂದಲಿನಂತಿರುತ್ತವೆ; ಬೆಸುಗೆಯ ಜಾಗದ ಮೇಲೆ ಬಿಸಿ ಅಂಟಿನ ಒಂದು ತೊಟ್ಟು ಹಾಕದಿದ್ದರೆ ವಾರದಲ್ಲಿ ಕಿತ್ತುಬರುತ್ತವೆ.

ಪ್ಯಾಡಿನಿಂದ ಮಾಡ್ಯೂಲಿಗೆ ಮೈಕಿಗೆ ಬಳಸುವ ಜಾಲರಿ ಹೊದಿಕೆಯ ಕೇಬಲ್ ಇರಲಿ. ಮನೆಯ ವೈರಿಂಗ್ ತಂತಿಯ ಚೂರು ಹಾಕಿದರೆ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನೂ ಮಾಡ್ಯೂಲ್ ಪೆಟ್ಟೆಂದು ಎಣಿಸುತ್ತದೆ.

ಪ್ಯಾಡ್

ಕಿಟ್ ಮಾರುವವರು ಪ್ಯಾಡಿನ ಬಗ್ಗೆ ಒಂದೇ ಸಾಲು ಬರೆದಿರುತ್ತಾರೆ. ಆದರೆ ವಾದ್ಯ ಎಂದರೆ ಪ್ಯಾಡೇ.

ರಬ್ಬರ್ ಪ್ಯಾಡ್ ಸುಲಭ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಎಂಟು ಇಂಚಿನ ಚಕ್ರ ಕೊರೆಸಿ. ಬಡಗಿಯ ಹತ್ತಿರ ಅಳಿದುಳಿದ ತುಂಡು ಸಿಗುತ್ತದೆ. ಅದರ ಮೇಲೆ ಮೆತ್ತನೆಯ ಫೋಮ್ ಪದರ, ಅದರ ಮೇಲೆ ಒಂದು ಮಿಲಿಮೀಟರ್ ದಪ್ಪದ ತಗಡಿನ ಚಕ್ರ, ಮೇಲೆ ಐದಾರು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ. ಪೀಜೋ ಬಿಲ್ಲೆಯನ್ನು ತಗಡಿನ ಕೆಳಮೈಗೆ, ನಟ್ಟನಡುವೆ, ಎರಡು ಕಡೆ ಅಂಟಿರುವ ತೆಳು ಫೋಮ್ ಟೇಪಿನಿಂದ ಅಂಟಿಸಿ. ತಂತಿಯ ಗಂಟಿಗೆ ಜಾಗ ಸಿಗುವಂತೆ ಫೋಮಿನಲ್ಲಿ ಸಣ್ಣ ತೂತು ಕೊರೆಯಿರಿ; ಇಲ್ಲವಾದರೆ ಪೆಟ್ಟಿಗೊಮ್ಮೆ ಗಂಟು ಒತ್ತಿ ಬಿಲ್ಲೆ ಬಿರುಕು ಬಿಡುತ್ತದೆ. ತಗಡು ಏಕೆ ಬೇಕೆಂದರೆ, ಅದಿಲ್ಲದಿದ್ದರೆ ನಡುವೆ ಬಾರಿಸಿದಾಗ ಗುಡುಗು, ಅಂಚಿಗೆ ಬಾರಿಸಿದಾಗ ಪಿಸುಮಾತು. ತಗಡು ಪೆಟ್ಟನ್ನು ಎಲ್ಲ ಕಡೆಯಿಂದ ನಡುವಿಗೆ ತರುತ್ತದೆ. ರಬ್ಬರಿಗೆ ನಾನು ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಯ ಹಾಳೆ ಕೊಂಡೆ. ಅಂಗಡಿಯ ಅಭ್ಯಾಸ ಪ್ಯಾಡಿಗಿಂತ ಅದು ಕೋಲನ್ನು ಚೆನ್ನಾಗಿ ಎತ್ತಿ ಕೊಡುತ್ತದೆ.

ಬಲೆಯ ಪ್ಯಾಡ್ ಇನ್ನೂ ಹಿತ, ಸದ್ದು ಇನ್ನೂ ಕಡಿಮೆ. ಹೋಳಿ ಹುಣ್ಣಿಮೆ ಹೊತ್ತಿಗೆ ಹುಬ್ಬಳ್ಳಿ ಧಾರವಾಡದ ಪೇಟೆಯಲ್ಲಿ ಹಲಗೆ ಎಂಬ ಚರ್ಮವಾದ್ಯಗಳು ರಾಶಿಗಟ್ಟಲೆ ಮಾರಾಟಕ್ಕೆ ಬರುತ್ತವೆ. ಹಬ್ಬ ಮುಗಿದ ಮೇಲೆ ಹರಿದ ಹಲಗೆಗಳು ಮನೆಯ ಮೂಲೆ ಸೇರುತ್ತವೆ. ಅಂಥದೊಂದರ ಬಳೆಗೆ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆ ಬಲೆಯನ್ನು ಎರಡು ಪದರ, ಒಂದರ ಎಳೆ ಇನ್ನೊಂದಕ್ಕೆ ಓರೆಯಾಗುವಂತೆ ಎಳೆದು ಕಟ್ಟಿದೆ. ನಡುವೆ, ಬಲೆಯ ಕೆಳಗೆ, ಬಳೆಗೆ ಅಡ್ಡಲಾಗಿ ಬಿಗಿದ ಪಟ್ಟಿಯ ಮೇಲೆ ಪೀಜೋ ಬಿಲ್ಲೆ, ಬಿಲ್ಲೆಯ ಮೇಲೆ ಶಂಕುವಿನಾಕಾರದ ಫೋಮ್. ಫೋಮಿನ ತುದಿ ಬಲೆಯನ್ನು ಮೆಲ್ಲಗೆ ಮುಟ್ಟಿ, ಎರಡು ಮೂರು ಮಿಲಿಮೀಟರ್ ಒತ್ತಿರಬೇಕು. ಒತ್ತಡ ಹೆಚ್ಚಾದರೆ ನಡುವೆ ಬೆಂಕಿ, ಅಂಚಿಗೆ ಬೂದಿ. ಈ ಫೋಮನ್ನು ನಾನು ಐದು ಸಲ ಕತ್ತರಿಸಿದೆ.

ಕಿಕ್ ಪ್ಯಾಡಿನ ತೊಂದರೆ ಬೇರೆ. ಕೋಲಿನ ಸದ್ದು ಗಾಳಿಯಲ್ಲಿ ಹೋಗುತ್ತದೆ, ಕಾಲಿನ ಗುದ್ದು ನೆಲದಲ್ಲಿ ಹೋಗುತ್ತದೆ. ನನ್ನ ಹೆಡ್‌ಫೋನಿನಲ್ಲಿ ಸಂಗೀತ, ಕೆಳಗಿನ ಮನೆಯವರಿಗೆ ಮೆಣಸಿನಕಾಯಿ ಕುಟ್ಟುವ ಸದ್ದು. ಎರಡು ಪ್ಲೈವುಡ್ ಹಲಗೆಗಳ ನಡುವೆ, ಚೆಂಡಿಗಿಂತ ಸಣ್ಣ ತೂತು ಕೊರೆದು, ಓಣಿಯ ಕ್ರಿಕೆಟ್ಟಿನಲ್ಲಿ ಕೂದಲುದುರಿದ ಟೆನಿಸ್ ಚೆಂಡುಗಳನ್ನು ಕೂರಿಸಿ, ಪೆಡಲ್ ಮತ್ತು ಕುರ್ಚಿಯನ್ನು ಮೇಲಿನ ಹಲಗೆಯ ಮೇಲೆ ಇಟ್ಟೆ. ಮೇಲಿನ ಹಲಗೆ ನೆಲಕ್ಕೆ ಎಲ್ಲಿಯೂ ತಾಗಬಾರದು. ಅಂದಿನಿಂದ ಬಾಗಿಲು ತಟ್ಟುವುದು ನಿಂತಿತು.

ಅಂಕಿಗಳ ಹೊಂದಾಣಿಕೆ

ಈಗ ಅಸಲಿ ಕೆಲಸ. ಪ್ರತಿ ಪ್ಯಾಡಿಗೂ ಮಾಡ್ಯೂಲಿನಲ್ಲಿ ಐದಾರು ಅಂಕಿಗಳಿವೆ. ಒಂದು ಪ್ಯಾಡ್ ಪೂರ್ತಿ ಸರಿಯಾಗುವವರೆಗೆ ಎರಡನೆಯದನ್ನು ಜೋಡಿಸಬೇಡಿ. ಜೋಡಿಸದ ಜ್ಯಾಕುಗಳನ್ನು ಮೆನುವಿನಲ್ಲಿ ಆಫ್ ಮಾಡಿಡಿ.

ಮೊದಲನೆಯದು ಹೊಸ್ತಿಲು, ಎಂದರೆ ಥ್ರೆಶೋಲ್ಡ್. ಇದಕ್ಕಿಂತ ಕೆಳಗಿನ ಅಲುಗಾಟವನ್ನು ಮಾಡ್ಯೂಲ್ ಪೆಟ್ಟೆಂದು ಒಪ್ಪುವುದಿಲ್ಲ. ಸೊನ್ನೆಯಿಂದ 1023ರವರೆಗಿನ ಅಳತೆಯಲ್ಲಿ 30ರಿಂದ ಶುರು ಮಾಡಿ. ಕೈಕಟ್ಟಿ ಕುಳಿತಾಗಲೂ ಪರದೆಯಲ್ಲಿ ಪೆಟ್ಟು ಕಾಣಿಸಿದರೆ ಐದೈದಾಗಿ ಏರಿಸಿ. ನಿಮ್ಮ ಅತಿ ಮೆಲ್ಲಗಿನ ತಟ್ಟು ಕಾಣಿಸದಿದ್ದರೆ ಇಳಿಸಿ. ರಸ್ತೆಯಲ್ಲಿ ಲಾರಿ ಹೋದಾಗ ಸ್ನೇರ್ ಬಾರಿಸಿಕೊಂಡರೆ ಹೊಸ್ತಿಲು ತಗ್ಗಾಗಿದೆ.

ಎರಡನೆಯದು ಸ್ಕ್ಯಾನ್ ಸಮಯ. ಪೆಟ್ಟು ಹೊಸ್ತಿಲು ದಾಟಿದ ಕೂಡಲೇ ಅದರ ಎತ್ತರ ಗೊತ್ತಾಗುವುದಿಲ್ಲ. ಅಲೆ ಏರಿ ತುದಿ ಮುಟ್ಟಲು ಒಂದೆರಡು ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಕಾದು ಅತಿ ಎತ್ತರದ ಅಂಕಿ ಹಿಡಿಯುವುದೇ ಸ್ಕ್ಯಾನ್. ಚಿಪ್ ಒಂದು ಸಲ ಅಳೆಯಲು ಸಾಮಾನ್ಯವಾಗಿ ಸುಮಾರು 0.1 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಆರು ಪ್ಯಾಡಿನ ಒಂದು ಸುತ್ತಿಗೆ 0.6. ಹಾಗಾಗಿ 3 ಮಿಲಿಸೆಕೆಂಡು ಇಟ್ಟರೆ ಒಂದೊಂದು ಪ್ಯಾಡನ್ನೂ ಐದು ಸಲ ನೋಡಿದಂತಾಯಿತು. ಒಂದೇ ಜೋರಿನಲ್ಲಿ ಹತ್ತು ಸಲ ಬಾರಿಸಿ. ಅಂಕಿ 60, 95, 41 ಎಂದು ಕುಣಿದಾಡಿದರೆ ಸ್ಕ್ಯಾನ್ ಸಮಯ ಸಾಲದು. ರಬ್ಬರಿಗೆ 2 ಅಥವಾ 3, ಬಲೆಗೆ 4 ಅಥವಾ 5 ನನಗೆ ಒಗ್ಗಿತು.

ಮೂರನೆಯದು ಮಾಸ್ಕ್. ಪೆಟ್ಟು ಬಿದ್ದ ಮೇಲೆ ಪ್ಯಾಡ್ ಇನ್ನೂ ನಡುಗುತ್ತಿರುತ್ತದೆ. ಆ ನಡುಕ ಮತ್ತೊಂದು ಪೆಟ್ಟಾಗಿ ಕೇಳಿಸದಂತೆ ಇಷ್ಟು ಹೊತ್ತು ಕಿವುಡಾಗಿರು ಎಂದು ಹೇಳುವ ಅಂಕಿ ಇದು. ಕಿಟ್ ಜೊತೆಗಿನ ಹಾಳೆಯಲ್ಲಿ 50 ಮಿಲಿಸೆಕೆಂಡು ಎಂದಿತ್ತು. ಅದನ್ನೇ ಇಟ್ಟುಕೊಂಡು ಹಲಗೆಯ ಗತ್ತು, ಎಂದರೆ ಅದರ ಲಯ, ಬಾರಿಸಲು ಹೋದೆ. ಹಲಗೆಗೆ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಕಡ್ಡಿಯ ಪೆಟ್ಟು ಕೋಲಿನ ಬೆನ್ನಿಗೇ ಬೀಳುತ್ತದೆ, ನಡುವೆ ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಸಹ ಇರುವುದಿಲ್ಲ. ಮಾಡ್ಯೂಲ್ ಕೋಲನ್ನು ಕೇಳಿ ಕಡ್ಡಿಯನ್ನು ನುಂಗಿತು. ಗತ್ತು ಕುಂಟನ ನಡಿಗೆಯಾಯಿತು. ನಿಮಿಷಕ್ಕೆ 120ರ ಲಯದಲ್ಲಿ ಒಂದು ಮಾತ್ರೆಯನ್ನು ನಾಲ್ಕಾಗಿ ಒಡೆದರೆ ಪೆಟ್ಟಿನ ನಡುವೆ 125 ಮಿಲಿಸೆಕೆಂಡು ಸಿಗುತ್ತದೆ. ಅದಕ್ಕೆ 50 ಯಾವ ಅಡ್ಡಿಯನ್ನೂ ಮಾಡದು. ಆ ಹಾಳೆ ಬರೆದವರು ರಾಕ್ ಸಂಗೀತಕ್ಕೆ ಬರೆದಿದ್ದರು, ಹೋಳಿಗಲ್ಲ.

ಮಾಸ್ಕನ್ನು 15ಕ್ಕೆ ಇಳಿಸಿದರೆ ಒಂದು ಪೆಟ್ಟಿಗೆ ಎರಡು ಸದ್ದು. ಇದಕ್ಕೆ ಪರಿಹಾರ ಮೆನುವಿನಲ್ಲಿಲ್ಲ, ಪ್ಯಾಡಿನಲ್ಲಿದೆ: ನಡುಕವನ್ನೇ ಬೇಗ ಸಾಯಿಸಬೇಕು. ತಗಡಿನ ಅಂಚಿನ ಸುತ್ತ ಫೋಮ್ ಪಟ್ಟಿ ಅಂಟಿಸಿದೆ. ಆಮೇಲೆ ಆ ಒಂದು ಜ್ಯಾಕಿನ 1 ಮೆಗಾಓಮ್ ರೆಸಿಸ್ಟರಿಗೆ ಸಮಾಂತರವಾಗಿ 220 ಕಿಲೋಓಮ್‌ನದೊಂದನ್ನು ಬೆಸೆದೆ. 27 ಮಿಲಿಮೀಟರ್ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್‌ನ ಕೆಪ್ಯಾಸಿಟರಿನಂತೆ ವರ್ತಿಸುತ್ತದೆ. ಅದರಲ್ಲಿ ತುಂಬಿದ ಚಾರ್ಜ್ 1 ಮೆಗಾಓಮ್ ಮೂಲಕ ಸೋರಿಹೋಗಲು ಹಿಡಿಯುವ ಕಾಲದ ಅಳತೆ 20 ಮಿಲಿಸೆಕೆಂಡು. ರೆಸಿಸ್ಟರ್ ತಗ್ಗಿದರೆ ಬಾಲವೂ ಅಷ್ಟೇ ಗಿಡ್ಡವಾಗುತ್ತದೆ. ಪೆಟ್ಟಿನ ಎತ್ತರವೂ ಸ್ವಲ್ಪ ಇಳಿಯುತ್ತದೆ, ಅದನ್ನು ಸೆನ್ಸಿಟಿವಿಟಿ (ಪೆಟ್ಟನ್ನು ಎಷ್ಟು ಹಿಗ್ಗಿಸಿ ಎಣಿಸಬೇಕೆಂಬ ಅಂಕಿ) ಏರಿಸಿ ತುಂಬಿಕೊಳ್ಳಬಹುದು. ಕೊನೆಗೆ ಮಾಸ್ಕ್ 18ಕ್ಕೆ ನಿಂತಿತು, ಕಡ್ಡಿ ಮಾತಾಡಿತು. ಅದಕ್ಕಿಂತಲೂ ಒಳ್ಳೆಯ ಉಪಾಯ ಆಮೇಲೆ ಹೊಳೆಯಿತು: ಕೋಲಿಗೊಂದು, ಕಡ್ಡಿಗೊಂದು ಎಂದು ಎರಡು ಪ್ಯಾಡ್ ಅಕ್ಕಪಕ್ಕ ಇಡುವುದು. ಆಗ ಮಾಸ್ಕಿನ ಕಾಟವೇ ಇಲ್ಲ.

ಸೆನ್ಸಿಟಿವಿಟಿ ಮತ್ತು ಕರ್ವ್ (ಪೆಟ್ಟು ಜೋರಾದಂತೆ ಅಂಕಿ ಯಾವ ಗೆರೆಯಲ್ಲಿ ಏರಬೇಕೆಂಬುದು) ಒಟ್ಟಿಗೆ ನೋಡಬೇಕಾದವು. ನೀವು ನಿಜವಾಗಿ ಬಾರಿಸುವ ಅತಿ ಜೋರಿನ ಪೆಟ್ಟು 120ರ ಹತ್ತಿರ ಬರಬೇಕು. ಸಾಧಾರಣ ಪೆಟ್ಟಿಗೇ 127 ಬಂದರೆ ಏರಿಳಿತಕ್ಕೆ ಜಾಗ ಉಳಿಯುವುದಿಲ್ಲ, ಎಲ್ಲವೂ ಕಿರುಚುತ್ತದೆ. ಕರ್ವನ್ನು ಮೊದಲು ನೇರ ಗೆರೆಗೆ ಇಡಿ. ಮೆಲ್ಲಗಿನ ಪೆಟ್ಟುಗಳು ಕೇಳಿಸುತ್ತಿಲ್ಲ ಎನಿಸಿದರೆ ಮಾತ್ರ ಬದಲಿಸಿ.

ಉಳಿದದ್ದು ಕ್ರಾಸ್‌ಟಾಕ್: ಟಾಮ್ ಬಾರಿಸಿದರೆ ಪಕ್ಕದ ಕ್ರ್ಯಾಶ್ ಕೂಡ ಕೂಗುವುದು. ಒಂದೇ ಪೈಪಿಗೆ ಎರಡು ಪ್ಯಾಡ್ ಬಿಗಿದರೆ ಇದು ಖಂಡಿತ. ಮೆನುವಿನ ಅಂಕಿ ಏರಿಸುವ ಮೊದಲು ಪ್ಯಾಡಿಗೂ ಪೈಪಿಗೂ ನಡುವೆ ಸೈಕಲ್ ಟ್ಯೂಬಿನ ಉಂಗುರ ಹಾಕಿ ನೋಡಿ. ನನಗೆ ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಯೇ ಮುಗಿಯಿತು. ಅಂಕಿಯನ್ನೇ ಏರಿಸುತ್ತಾ ಹೋದರೆ ಎರಡು ಪ್ಯಾಡ್ ಒಟ್ಟಿಗೆ ಬಾರಿಸಿದಾಗ ಒಂದು ಮೌನವಾಗುತ್ತದೆ.

ಸದ್ದು ಕೇಳಿಸಿಕೊಳ್ಳುವುದು

ಮಿಡಿ ಸಾಕೆಟ್ಟಿನಿಂದ ಯುಎಸ್‌ಬಿ-ಮಿಡಿ ಕೇಬಲ್ ಮೂಲಕ ಕಂಪ್ಯೂಟರಿಗೆ. ಕೇಬಲ್ಲಿನ ಎರಡು ತುದಿಗಳಲ್ಲಿ ಇನ್, ಔಟ್ ಎಂದು ಬರೆದಿರುತ್ತದೆ. ಬರೆದವರ ಮನಸ್ಸಿನಲ್ಲಿ ಯಾವ ಕಡೆಯ ಇನ್ ಇತ್ತೋ ಹೇಳಲಾಗದು. ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ಹಾಕಿ, ಏನೂ ಕೆಡುವುದಿಲ್ಲ.

ಪ್ರತಿ ಪ್ಯಾಡಿಗೂ ಸ್ವರಸಂಖ್ಯೆ ಕೊಡಬೇಕು. ಡ್ರಮ್ಮಿಗೆ ಮೀಸಲಾದದ್ದು 10ನೆಯ ಚಾನೆಲ್. ಕಿಕ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42, ತೆರೆದದ್ದು 46, ಕ್ರ್ಯಾಶ್ 49, ಟಾಮುಗಳಿಗೆ 45 ಮತ್ತು 48. ಇದು ಎಲ್ಲೆಡೆ ಒಪ್ಪಿದ ಪಟ್ಟಿ. ಯಾವ ಡ್ರಮ್ ತಂತ್ರಾಂಶ ತೆರೆದರೂ ಸಾಮಾನ್ಯವಾಗಿ ಇದೇ ಇರುತ್ತದೆ. ತಂತ್ರಾಂಶಕ್ಕೆ ನಾನು ಬಳಸುವುದು ಹೈಡ್ರೋಜನ್, ಉಚಿತ, ಲಿನಕ್ಸ್‌ನಲ್ಲಿಯೂ ವಿಂಡೋಸ್‌ನಲ್ಲಿಯೂ ನಡೆಯುತ್ತದೆ.

ಬಾರಿಸಿದ ಮೇಲೆ ಸದ್ದು ತಡವಾಗಿ ಬಂದರೆ ಮಾಡ್ಯೂಲನ್ನು ಬೈಯಬೇಡಿ. ಸ್ಕ್ಯಾನಿಗೆ 3 ಮಿಲಿಸೆಕೆಂಡು, ಮಿಡಿ ಸಂದೇಶಕ್ಕೆ ಸುಮಾರು 1. ತಪ್ಪು ಕಂಪ್ಯೂಟರ್ ಸದ್ದನ್ನು ನುಡಿಸುವ ಮುನ್ನ ಕೂಡಿಟ್ಟುಕೊಳ್ಳುವ ಆಡಿಯೋ ಬಫರಿನದು. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 1024 ಮಾದರಿಗಳ ಬಫರ್ ಎಂದರೆ 23 ಮಿಲಿಸೆಕೆಂಡು; 256 ಎಂದರೆ 6ಕ್ಕೂ ಕಡಿಮೆ. 256 ಅಥವಾ 128ಕ್ಕೆ ಇಳಿಸಿ, ಸದ್ದು ಕರಕರ ಎಂದರೆ ಒಂದು ಮೆಟ್ಟಿಲು ಮೇಲೆ ಬನ್ನಿ. ವಿಂಡೋಸ್ ಇದ್ದವರಿಗೆ ಅಸಿಯೋ4ಆಲ್ ಎಂಬ ಉಚಿತ ಚಾಲಕ ತಂತ್ರಾಂಶ ಬೇಕಾಗಬಹುದು. ಒಟ್ಟು ತಡ 10 ಮಿಲಿಸೆಕೆಂಡಿನ ಒಳಗಿದ್ದರೆ ಸಾಕು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಮೂರೂವರೆ ಮೀಟರ್ ಹೋಗುತ್ತದೆ, ವೇದಿಕೆಯ ಆ ಬದಿಯ ಡ್ರಮ್ ಈ ಬದಿಗೆ ಕೇಳಿಸಿದಂತೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಬಾರಿಸಿ, ಕೋಲು ಎತ್ತಿದ ಮೇಲೆ ಅದರಲ್ಲಿ ಸದ್ದು ಬರುತ್ತದೆ.

ಹಲಗೆಯ ಸದ್ದು

ಹೈಡ್ರೋಜನ್ ಜೊತೆ ಬರುವ ಸದ್ದುಗಳಲ್ಲಿ ಹಲಗೆ ಇಲ್ಲ, ಹುಬ್ಬಳ್ಳಿಯ ದೊಡ್ಡ ಚರ್ಮವಾದ್ಯ ಜಗ್ಗಲಿಗೆ ಇಲ್ಲವೇ ಇಲ್ಲ. ನೀವೇ ಹಿಡಿಯಬೇಕು. ಮೆರವಣಿಗೆಯಲ್ಲಿ ಮೊಬೈಲ್ ಹಿಡಿದು ಓಡಿದ್ದು ನನ್ನ ಮೊದಲ ಪ್ರಯತ್ನ. ಸಿಕ್ಕಿದ್ದು ಸೀಟಿ, ಬೊಬ್ಬೆ ಮತ್ತು ಗಾಳಿ. ಎರಡನೆಯ ಸಲ ಹಲಗೆ ಬಾರಿಸುವ ಹಿರಿಯರೊಬ್ಬರನ್ನು ಕೇಳಿಕೊಂಡು, ಅವರ ಮನೆಯ ಕೋಣೆಗೆ ಕೌದಿಗಳನ್ನು ತೂಗುಹಾಕಿ, ಮೈಕನ್ನು ಹಲಗೆಯಿಂದ ಎರಡು ಅಡಿ ದೂರ ಇಟ್ಟೆ. ಹಲಗೆಯನ್ನು ಮೊದಲು ಬೆಂಕಿಗೆ ಕಾಯಿಸುವವರೆಗೆ ಅವರು ಕೋಲು ಮುಟ್ಟಲಿಲ್ಲ. ಕಾಯಿಸಿದ ಮೇಲೆ ಚರ್ಮ ಬಿಗಿದು ಬಂದ ಸದ್ದೇ ಬೇರೆ.

ಕೋಲಿನ ಪೆಟ್ಟು ನಾಲ್ಕು ಜೋರಿನಲ್ಲಿ, ಕಡ್ಡಿಯದು ನಾಲ್ಕು ಜೋರಿನಲ್ಲಿ, ಪ್ರತಿಯೊಂದನ್ನೂ ಮೂರು ಸಲ ಹಿಡಿಯಿರಿ. ಪ್ರತಿ ತುಣುಕಿನ ಆರಂಭದ ಮೌನವನ್ನು ಪೆಟ್ಟಿನ ಬುಡಕ್ಕೆ ಕತ್ತರಿಸಿ; ಹತ್ತು ಮಿಲಿಸೆಕೆಂಡು ಮೌನ ಉಳಿದರೂ ಬಫರ್ ಇಳಿಸಿದ್ದೆಲ್ಲ ವ್ಯರ್ಥ. ತಂತ್ರಾಂಶದಲ್ಲಿ ಜೋರು 1ರಿಂದ 40ಕ್ಕೆ ಮೊದಲ ತುಣುಕು, 41ರಿಂದ 75ಕ್ಕೆ ಎರಡನೆಯದು, 76ರಿಂದ 105ಕ್ಕೆ ಮೂರನೆಯದು, ಮೇಲಿನದಕ್ಕೆ ಕೊನೆಯದು ಎಂದು ಹಂಚಿ. ಕೋಲಿಗೆ 38, ಕಡ್ಡಿಗೆ 37 ಕೊಟ್ಟಿದ್ದೇನೆ.

ಎಲ್ಲ ಜೋಡಿಸಿದ ಮೇಲೆ ಹೆಡ್‌ಫೋನನ್ನು ಆ ಹಿರಿಯರ ಕಿವಿಗಿಟ್ಟು ಬಾರಿಸಿ ಎಂದೆ. ಎರಡು ಆವರ್ತನ ಬಾರಿಸಿ ನಿಲ್ಲಿಸಿದರು. ಕಡ್ಡಿಯ ಪ್ಯಾಡನ್ನು ಒಂದು ಅಂಗುಲ ಮೇಲಕ್ಕೆ ಎತ್ತಿಡು, ಮಣಿಕಟ್ಟು ತಿರುಗಲು ಜಾಗವಿಲ್ಲ ಎಂದರು. ಕಡ್ಡಿಯ ಪ್ಯಾಡಿನ ಕೆಳಗೆ ಈಗ ಎರಡು ತುಂಡು ಪ್ಲೈವುಡ್ ಇವೆ.